ಮೊದಲ್ನೇ ಕಾಡಿನ್ಯಾಗ ನಲವತ್ತೊಂಬತ್ತನೇ ಲೆವೆಲ್

ಯಶೋಧರಾ, ನಾನವ್ವಾ, ಗೇಮಿನಂಗಡಿ ಚೆನ್ನಬಸಮ್ಮ. ನಿನ್ನ ಮೆಸೇಜು ಬಂದು ಎರಡು ದಿನ ಆತು. ಟೈಪ್ ಮಾಡಾಕ ನನಗ ಬ್ಯಾಸರ, ಅದಕ್ಕ ಹಿಂಗ ಮಾತಾಡಿ ಕಳಸ್ತೀನಿ. ಉದ್ದಾಗತೈತಿ. ಅಡಿಗಿ ಮಾಡ್ಕೋತ ಕೇಳು, ಅರಿವಿ ಒಗಕೋತ ಕೇಳು, ಆದ್ರ ಪೂರ್ತಿ ಕೇಳು. ನಡುವ ಓಡಿಸಬ್ಯಾಡ.

ನೀನೂ ನಿನ್ನ ಇಬ್ಬರು ಗೆಳತ್ಯಾರೂ ಹೊಸಪ್ಯಾಟ್ಯಾಗ ರೂಮು ಹಿಡದು ಮೊಬೈಲ್ ಗೇಮ್ ಮಾಡಾಕ ಹತ್ತೀರಿ ಅಂತ ಬರದಿ. ಹಂಪಿ ಗುಡ್ಡ, ಹೊಳಿ, ತೆಪ್ಪ, ಕರಡಿ ಎಲ್ಲಾ ಇರೋ ಆಟ. ಆಡೋರು ಒಂದು ಪಾತ್ರ ಹಿಡದು ಸಣ್ಣದ್ರಿಂದ ದೊಡ್ಡದಾಗಬೇಕು. ಹಳೇ ಆಟದಾಗ ಲೆವೆಲ್ ಹೆಂಗ ಏರತಿತ್ತು, ಈಗಿನದ್ರಾಗ ಹೆಂಗ ಏರತೈತಿ, ಮಂದಿ ಯಾವುದಕ್ಕ ಗಂಟುಬಿದ್ದು ಕುಂದ್ರತಿದ್ರು, ಬಹುಮಾನ ಹೆಂಗ ಕೊಡಬೇಕು ಅಂತ ನನ್ನ ಕೇಳಿ. ಸರಿಯಾದವ್ರನ್ನ ಕೇಳಿ ಬಿಡು. ಬಸ್ ಸ್ಟ್ಯಾಂಡಿನ ಹಿಂದ ಹದಿಮೂರು ವರ್ಷ ಅಂಗಡಿ ನಡಸೀನಿ. ನಮ್ಮ ಯಜಮಾನ್ರು ಕ್ಯಾಸೆಟ್ ಬಾಡಿಗಿ ಕೊಡತಿದ್ರು. ಅವ್ರು ತೀರಿಕ್ಯಂಡ್ರು, ಅವ್ರ ಹಿಂದನ ಕ್ಯಾಸೆಟ್ಟೂ ತೀರಿಕ್ಯಂಡ್ವು. ನಾ ನಾಕು ಟಿವಿ, ನಾಕು ಗೇಮಿನ ಡಬ್ಬಿ ತಂದಿಟ್ಟೆ. ಓಣ್ಯಾಗಿನ ಹೆಂಗಸರು ನಕ್ಕರು. ಅವ್ರ ಮಕ್ಕಳು ನನ್ನ ಹತ್ರ ಬಂದು ಕುಂತ್ರು.

ಮೆಸೇಜಿನ ಕಡೀಗೆ ಇನ್ನೊಂದು ಮಾತು ಬರದಿ. ನಿಮ್ಮಪ್ಪ ಮಾರೆಪ್ಪ ನನ್ನಂಗಡ್ಯಾಗ ಒಂದೂವರಿ ವರ್ಷ ಆಡಿ ಬೆಳಸಿದ ಗೇಮಿನ ವೀರನ್ನ, ಇಂಗ್ಲಿಷ್ ಓದಾಕ ಬರದ ತನ್ನ ಕೈಯಾರೆ ಅಳಿಸಿಬಿಟ್ಟನಂತ. ಅದಕ್ಕ ನಿಮ್ಮ ಆಟದಾಗ ಎಲ್ಲಾ ಕನ್ನಡದಾಗ ಇರತೈತಂತ, ಅಳಿಸೋಕಿಂತ ಮೊದಲು ಮೂರು ಸಲ ಕೇಳತೈತಂತ. ಮನ್ಯಾಗ ನಿಮ್ಮವ್ವ ದುರ್ಗಕ್ಕ ಇವತ್ತಿಗೂ ಅದನ್ನ ಎತ್ತಿ ಆಡಿಕ್ಯಂತಾಳಂತ.

ಆ ಸಾಲು ನಾಕು ಸಲ ಓದಿದೆ. ನಿಮ್ಮಪ್ಪ ಅಳಿಸಿಲ್ಲವ್ವಾ. ಅಳಿಸಿದಾಕಿ ನಾನು. ಇಪ್ಪತ್ತೊಂದು ವರ್ಷ ಆತು, ಅವಗ ಹೇಳಿಲ್ಲ. ಈಗ ಹೇಳಬೇಕು. ಹೇಳ್ತೀನಿ. ಮೊದಲು ನೀ ಕೇಳಿದ್ದು ಹೇಳ್ತೀನಿ, ಬಾಯಿ ಸ್ವಲ್ಪ ಸಡಿಲಾಗ್ಲಿ.

*

ನೋಡು, ನಾ ಕಂಡಂಗ ಲೆವೆಲ್ ಏರಿಸೋ ಆಟ ಮೂರು ಥರ.

ಒಂದು, ಬಡಿದು ಏರೋದು. ಪ್ರಾಣಿ ಬಡಿ, ಪಾಯಿಂಟು ಬಂತು. ಪಾಯಿಂಟು ತುಂಬ್ತು, ಲೆವೆಲ್ ಏರ್ತು. ಎರಡನೇ ಲೆವೆಲ್‌ಗೆ ಹತ್ತು ಪ್ರಾಣಿ, ಮೂರನೇದಕ್ಕ ಇಪ್ಪತ್ತು, ಆಮ್ಯಾಲೆ ನಿನ್ನ ಗ್ರಹಚಾರ. ಮೋಸ ಇಲ್ಲ, ದಯಾನೂ ಇಲ್ಲ.

ಎರಡನೇದು, ಮಾಡಿದ್ದು ಬೆಳೆಯೋದು. ಓಡಿದ್ರ ಓಟ ಬೆಳಿತೈತಿ, ಈಜಿದ್ರ ಈಜು, ಕಳ್ಳತನ ಮಾಡಿದ್ರ ಕಳ್ಳತನ. ಇದು ಭಾಳ ಶಾಣ್ಯಾ ಆಟ ಅಂತ ಪ್ಯಾಂಟ್ ಹಾಕ್ಯಂಡು ಬರೋ ಕಾಲೇಜ್ ಹುಡುಗರು ಅಂತಿದ್ರು. ಅವ್ರೇನು ಮಾಡಿದ್ರು ಗೊತ್ತೇನು? ಗ್ವಾಡಿ ಮುಂದ ವೀರನ್ನ ನಿಲ್ಲಿಸಿ, ಓಡೋ ಬಟನ್ನಿಗೆ ರಬ್ಬರ್ ಬ್ಯಾಂಡ್ ಸುತ್ತಿ, ತಾವು ಚಾ ಕುಡಿಯಾಕ ಹೋಗತಿದ್ರು. ಅವ ಒಂದು ತಾಸು ಗ್ವಾಡಿಗೆ ಓಡತಿದ್ದ, ಓಟ ಏರತಿತ್ತು. ನಮ್ಮ ಮಂದಿಗೆ ಯಾವ ಕಾನೂನು ಕೊಟ್ರೂ ಅದರಾಗ ಒಂದು ಸಂದಿ ಹುಡುಕ್ತಾರ.

ಮೂರನೇದು ಈಗಿನ ಮೊಬೈಲಿಂದು. ನೀ ಏನೂ ಮಾಡಬ್ಯಾಡ, ಬರೇ ದಿನಾ ತೆಗಿ ಸಾಕು. ತೆಗದ ಕೂಡ್ಲೇ ಡಬ್ಬಿ ಬಿಚ್ಚತೈತಿ, ಪಟಾಕಿ ಹಾರತಾವು, ನಾಣ್ಯ ಉದುರತಾವು, "ವಾಹ್ ವಾಹ್" ಅಂತೈತಿ. ಯಾತಕ್ಕ ವಾಹ್? ನಾ ಕಣ್ಣು ಬಿಟ್ಟಿದ್ದಕ್ಕೇನು? ನನ್ನ ಮೊಮ್ಮಗಳು ಜ್ಯೋತಿಲಕ್ಷ್ಮಿ ಹಾಕಿಕೊಟ್ಟಿದ್ಳು ಒಂದು. ಒಂಬತ್ತು ದಿನದಾಗ ಎಂಬತ್ತನೇ ಲೆವೆಲ್ ಆತು. ಹತ್ತನೇ ದಿನ ನನ್ನ ಪಾತ್ರದ ಮಾರಿ ಹೆಂಗೈತಿ ಅನ್ನೋದ ನನಗ ನೆನಪಿಲ್ಲ. ತಗದು ಒಗದೆ.

ನನ್ನ ಕೇಳಿದ್ರ ಮೊದಲ್ನೇದಕ್ಕ ಮರ್ಯಾದಿ ಐತಿ. ನಾ ಲಗ್ನ ಆಗಿ ಬಂದಾಗ ನಮ್ಮತ್ತಿ ಮೊದಲ್ನೇ ವರ್ಷ ನನಗ ಒಲಿ ಮುಂದ ಕುಂದ್ರಾಕ ಬಿಡಲಿಲ್ಲ. ಜ್ವಾಳ ಹಸನ ಮಾಡೋದು ಅಷ್ಟ. ಎರಡನೇ ವರ್ಷ ಹಿಟ್ಟು ನಾದೋದು. ಮೂರನೇ ವರ್ಷ ರೊಟ್ಟಿ ಬಡಿಯೋದು. ಬಹುಮಾನ ಏನು ಬಂತು ಅಂತೀಯ? ಇನ್ನೂ ನಲ್ವತ್ತು ರೊಟ್ಟಿ ಬಡಿಯೋದು! ಬಹುಮಾನ ದರಿದ್ರದ್ದು. ಆದ್ರ ರೊಟ್ಟಿ ಇವತ್ತಿಗೂ ನನ್ನ ಕೈಯಾಗ ಅದಾವು, ಯಾರೂ ಅಳಸಾಕ ಆಗಂಗಿಲ್ಲ.

ಹಾಂ, ನಿಮ್ಮ ಆಟದಾಗ ಮೊದಲ್ನೇ ಲೆವೆಲ್‌ಗೇ ಕರಡಿ ಬಿಟ್ಟೀರಿ ಅಂತ ಬರದಿ. ತೆಲಿ ಐತೇನವ್ವಾ? ದರೋಜಿ ಕಡೆ ಯಾರನ್ನಾರ ಕೇಳು, ಕರಡಿ ಕಂಡ್ರ ಏನು ಮಾಡ್ತೀರಿ ಅಂತ. ಬಡಿತೀವಿ ಅನ್ನಂಗಿಲ್ಲ. ಮೊದಲು ಕಪ್ಪಿ ಬಿಡ್ರಿ.

ಕಪ್ಪಿ ಅಂದಕೂಡ್ಲೇ ನಿಮ್ಮಪ್ಪನ ಹತ್ರ ಬಂದ್ವಿ ನೋಡು.

*

ನಿಮ್ಮಪ್ಪ ಆಗ ಸಂಡೂರು ಗುಡ್ಡದ ಗಣ್ಯಾಗ ಡ್ರಿಲ್ಲಿಂಗ್ ಹೆಲ್ಪರ್. ಮಂಗಳವಾರ ರಜಾ. ಸಂಡೂರು ಬಸ್ಸಿಗೆ ಹೊಸಪ್ಯಾಟಿಗೆ ಬಂದ್ರ ನಿಮ್ಮೂರು ಮೆಟ್ರಿ ಕಡೆ ಹೋಗೋ ಬಸ್ಸಿಗೆ ಇನ್ನೂ ಎರಡು ತಾಸು. ಬ್ಯಾರೇದವ್ರು ಆ ಎರಡು ತಾಸು ಬ್ಯಾರೆ ಅಂಗಡಿಗೆ ಹೋಗತಿದ್ರು, ಗೊತ್ತಾತಲ್ಲ. ಇವ ನನ್ನಂಗಡಿಗೆ ಬಂದ.

ಮೊದಲ್ನೇ ದಿನ ಬಾಗಿಲದಾಗ ನಿಂತಾನ. ಒಳಗ ಬರವಲ್ಲ. ಮೈ ಎಲ್ಲಾ ಕೆಂಪು ಧೂಳು, ಕಣ್ಣಷ್ಟ ಬೆಳ್ಳಗ.

"ಅಮ್ಮಾ, ಕುಂದ್ರಬೌದೇನ್ರಿ?"

"ರೊಕ್ಕ ಕೊಟ್ಟವ್ರೆಲ್ಲಾ ಕುಂದ್ರತಾರ. ಕುಂದ್ರಪ್ಪ."

"ಅಲ್ರಿ, ಕುರ್ಚಿ ಮ್ಯಾಲೆ?"

"ಮತ್ತೆ ನನ್ನ ತೆಲಿ ಮ್ಯಾಲೇನಲೇ?"

ನಕ್ಕ. ಕುಂತ. ಮೂರನೇ ಟಿವಿ. ಬಟ್ಟೀಲೆ ವರಸಿದ್ರೂ ಹೋಗ್ಲಿಲ್ಲವ್ವಾ ಆ ಕೆಂಪು, ಮೂರನೇ ಟಿವಿಯ ಆಟದ ರಿಮೋಟು ಕಡೀತನಕ ಹುರಮಂಜಿ ಬಣ್ಣನ ಇತ್ತು.

ಅವಗ ಸಿಕ್ಕಿದ್ದು ಒಂದು ಕತ್ತಿ ಆಟ. ಶುರುವಿಗೆ ಹೆಸರು ಕೇಳತೈತಿ, ಇಂಗ್ಲಿಷ್ ಅಕ್ಷರದಾಗ. ಇವ ಒಂದ ಬಟನ್ ನಾಕು ಸಲ ಒತ್ತಿದ. ವೀರನ ಹೆಸರು ಎ ಎ ಎ ಎ ಅಂತ ಬಿತ್ತು. ನಗಬ್ಯಾಡ, ನನ್ನಂಗಡ್ಯಾಗ ಅರ್ಧ ವೀರರ ಹೆಸರು ಅದ. ಹಳ್ಳ್ಯಾಗ ವೀರ ನಿಲ್ತಾನ. ಹಳ್ಳಿ ದಾಟಿದ್ರ ಕಾಡು. ಕಾಡಿನ್ಯಾಗ ಹಸರು ಕಪ್ಪಿ. ಒಂದು ಕಪ್ಪಿ ಬಡಿದ್ರ ಎರಡು ಪಾಯಿಂಟು. ಕಾಡಿನ ಆ ಕಡೆ ಒಂದು ಸೇತುವಿ, ಸೇತುವಿ ಮುಂದ ಒಬ್ಬ ಭಲ್ಲೆ ಹಿಡದ ಕಾವಲಿನವ.

ನಿಮ್ಮಪ್ಪ ಆ ಸೇತುವಿ ದಾಟಲಿಲ್ಲ. ಒಂದೂವರಿ ವರ್ಷ, ವಾರಕ್ಕ ಎರಡು ತಾಸು, ಬರೇ ಕಪ್ಪಿ. ಕಪ್ಪಿ, ಕಪ್ಪಿ, ಕಪ್ಪಿ. ಸುತ್ತಲಿನ ಹುಡುಗರು ರಾಕ್ಷಸರ ಕೂಡ ಹೊಡದಾಡಿ ಅರಮನಿ ಮುಟ್ಟಿರತಿದ್ರು ಹದಿನೈದನೇ ಲೆವೆಲ್‌ಗೆ. ಇವ ಮೊದಲ್ನೇ ಕಾಡಿನ್ಯಾಗ ಮೂವತ್ತನೇ ಲೆವೆಲ್. ಆ ಹೊತ್ತಿಗೆ ಒಂದು ಲೆವೆಲ್ ಏರಾಕ ಎರಡು ವಾರ, ಮೂರು ವಾರ ಹಿಡಿಯಾಕತ್ತಿತ್ತು. ಅವ ಬಡಿದ್ರ ಕಪ್ಪಿ ಸಾಯತಿದ್ದಿಲ್ಲ, ಮಾಯ ಆಗತಿತ್ತು.

ಒಂದಿನ ಕೇಳಿದೆ. "ಯಾಕಲೇ ಮಾರೆಪ್ಪ, ಕಪ್ಪಿ ನಿನಗೇನು ಅನ್ಯಾಯ ಮಾಡ್ಯಾವು?"

ಆಟ ನಿಲ್ಲಿಸಲಿಲ್ಲ. ಟಿವಿ ನೋಡ್ಕೋತನ ಅಂದ. "ಅಮ್ಮಾ, ಇಲ್ಲಿ ಬಡಿದಷ್ಟು ಏರತೈತ್ರಿ. ಯಾರ ಮಗ, ಯಾವ ಕೇರಿ ಅಂತ ಕೇಳಂಗಿಲ್ಲ. ಗುಡ್ಡದಾಗ ಎಂಟು ವರ್ಷ ಆತು ನಾ ಹೆಲ್ಪರ್. ಮೊನ್ನೆ ಆಪರೇಟರ್ ಜಾಗ ಖಾಲಿ ಆತು, ಮೇಸ್ತ್ರಿ ಅಳಿಯ ಬಂದು ಕುಂತ. ಅವಗ ಮಷೀನ್ ಚಾಲೂ ಮಾಡೋದು ಹೇಳಿಕೊಟ್ಟೋನು ನಾನ."

 

*

ಸೇತುವಿ ಯಾಕ ದಾಟಲಿಲ್ಲ ಅಂತ ಹೇಳ್ಲಿಲ್ಲ ನೋಡು. ಅದು ಹಿಂಗಾತು.

ಹಂಪಿ ನೋಡಾಕ ಬಂದ ಒಬ್ಬ ಫಾರಿನ್ನವ, ಉದ್ದ ಕೂದ್ಲು, ಹೆಗಲಿಗೆ ಮೂಟಿ, ರೈಲಿಗೆ ಹೊತ್ತು ಐತಿ ಅಂತ ನನ್ನಂಗಡಿಗೆ ಹೊಕ್ಕ. ಎಲ್ಲಾ ಟಿವಿ ನೋಡ್ಕೋತ ಬಂದವ ಮೂರನೇ ಟಿವಿ ಮುಂದ ನಿಂತ. ಬಗ್ಗಿದ. ಲೆವೆಲ್ ನಲವತ್ತಾರು. ಊರು, ಮೊದಲ್ನೇ ಹಳ್ಳಿ. ಅವನ ಬಾಯಿ ತೆರದಿದ್ದು ಮುಚ್ಚಲಿಲ್ಲ. ನಿಮ್ಮಪ್ಪನ ಪಕ್ಕಕ್ಕ ನೆಲಕ್ಕ ಕುಂತುಬಿಟ್ಟ. ಕೈ ಮುಗದ! ಏನ ಹೇಳ್ತಾನ, ಇವಗ ತಿಳಿವಲ್ದು. ಕಡೀಗೆ ಕೈಸನ್ನಿ ಮಾಡಿದ. ಹಳ್ಳ್ಯಾಗ ಒಬ್ಬಾಕಿ ಮುದುಕಿ ಅದಾಳ, ಆಕಿ ಅಣಬಿ ಕೊಡತಾಳ, ಅದನ್ನ ಕಾವಲಿನವಗ ಕೊಡು, ಅವ ದಾರಿ ಬಿಡತಾನ.

ನಿಮ್ಮಪ್ಪ ನನ್ನ ಮಾರಿ ನೋಡಿದ. "ಅಷ್ಟನೇನ್ರಿ? ನಾ ಅದು ಚೆಕ್‌ಪೋಸ್ಟ್ ಅಂದ್ಕಂಡಿದ್ನ್ರಿ. ಪರ್ಮಿಟ್ ಇಲ್ದ ಬಿಡಂಗಿಲ್ಲ ಅಂತ. ಪರ್ಮಿಟ್ ಎಲ್ಲಿ ಕೊಡತಾರ ಅಂತ ಗೊತ್ತಾಗ್ಲಿಲ್ಲ, ಅದಕ್ಕ ಇಲ್ಲೇ ಕಪ್ಪಿ ಬಡ್ಕೋತ ಇದ್ದೆ."

ಅಂಗಡಿ ತುಂಬ ಬಿದ್ದು ಬಿದ್ದು ನಕ್ಕರು. ಅವನೂ ನಕ್ಕ. ಅದಿರು ಲಾರಿ ದಿನಾ ಚೆಕ್‌ಪೋಸ್ಟಿನ್ಯಾಗ ಪರ್ಮಿಟ್ ತೋರ್ಸೋದು ನೋಡಿದೋರು ಇನ್ನೇನಂದ್ಕಂತಾರವ್ವಾ? ಆ ಆಟ ಮಾಡಿದೋರಿಗೆ ನಮ್ಮ ಗುಡ್ಡ ಗೊತ್ತಿಲ್ಲ, ನಮ್ಮ ಗುಡ್ಡಕ್ಕ ಅವ್ರ ಆಟ ಗೊತ್ತಿಲ್ಲ.

"ಹೋಗು ಮತ್ತೆ, ದಾಟು," ಅಂದೆ.

"ಬ್ಯಾಡ್ರಿ. ಐವತ್ತಾಗ್ಲಿ. ಇಷ್ಟು ದಿನ ಬಡದೀನಿ, ಐವತ್ತು ಮಾಡ್ಕ್ಯಂಡು ಹೋಗ್ತೀನಿ. ಆ ಕಡೆ ಯಾವನೂ ನನ್ನ ಮುಟ್ಟಬಾರದು."

ಅವತ್ತಿಂದ ಅವನ ನಡಿಗಿನ ಬ್ಯಾರೆ ಆತು ನೋಡು. ಬಸ್ ಇಳದು ಓಡಿ ಬರತಿದ್ದ. ನಲವತ್ತೇಳು. ನಲವತ್ತೆಂಟು. ನೀ ಆಗ ಎದಿ ಹಾಲು ಕುಡಿಯೋ ಕೂಸು, ನಿನ್ನ ಸುದ್ದೀನೂ ಹೇಳ್ತಿದ್ದ, ಆದ್ರ ಮೊದಲು ಲೆವೆಲ್ ಹೇಳಿ ಆಮ್ಯಾಲೆ ನಿಂದು. ನಲವತ್ತೊಂಬತ್ತು ಆಗಿ ಮೂರನೇ ಮಂಗಳವಾರ ಹೋಗೋ ಮುಂದ ಅಂದ, "ಮುಂದಿನ ವಾರ ಐವತ್ತು ಆಗತೈತ್ರಿ. ಅವತ್ತ ಸೇತುವಿ ದಾಟ್ತೀನಿ. ಮಿರ್ಚಿ ನಂದು."

*

ಇನ್ನು ತಿರುಗಿ ನೋಡಂಗಿಲ್ಲ, ಹೇಳಿಬಿಡ್ತೀನಿ.

ಆ ಶನಿವಾರ ಒಬ್ಬ ಕಾಂಟ್ರಾಕ್ಟರ್ ಮಗ ಹೊಸ ಆಟದ ಸಿಡಿ ತಂದ. ದಿನಾ ಬರೋ ಗಿರಾಕಿ, ಹಿಂದ ನಾಕು ಮಂದೀನ ಕರಕೊಂಡು ಬರೋನು. ಆಟ ಉಳಿಸಿ ಇಡೋ ಕಾರ್ಡ್ ಇರತೈತಲ್ಲ, ಅದರಾಗ ಹದಿನೈದು ಮನಿ ಅಷ್ಟ. ಎಲ್ಲಾ ಭರ್ತಿ. "ಅಮ್ಮಾ ಜಾಗ ಮಾಡು, ಜಲ್ದಿ ಮಾಡು" ಅಂತ ಜೀವ ತಿಂದ. ನಾ ಪಟ್ಟಿ ತೆಗದೆ. ಎ ಎ ಎ ಎ ಮೂರು ಇದ್ವು. ಒಂದು ಅರಮನಿ, ಒಂದು ಹಡಗು, ಒಂದು ಮೊದಲ್ನೇ ಹಳ್ಳಿ. ಮೊದಲ್ನೇ ಹಳ್ಳ್ಯಾಗ ಇರೋನು ಯಾವನೋ ನಿನ್ನೆ ಮೊನ್ನೆ ಶುರು ಮಾಡಿದೋನು, ಹೋದ್ರ ಏನು ಹೋಗತೈತಿ ಅಂದ್ಕಂಡೆ. ಒತ್ತಿದೆ.

ಲೆವೆಲ್ ನಂಬರು ಅಲ್ಲೇ ಮೂಲ್ಯಾಗ ಇತ್ತು ಯಶೋಧರಾ. ಸಣ್ಣದಿತ್ತು, ಆದ್ರ ಇತ್ತು. ನಾ ಅವ ಎಲ್ಲಿ ನಿಂತಾನ ಅನ್ನೋದಷ್ಟ ನೋಡಿದೆ. ಒಂದೂವರಿ ವರ್ಷ ವಾರ ವಾರ ಕಂಡ ನಾನ ಹಂಗ ನೋಡಿದೆ.

ಮಂಗಳವಾರ ಬಂದ. ಹಾಳಿ ಪೊಟ್ಟಣದಾಗ ಮಿರ್ಚಿ, ಇನ್ನೊಂದ್ರಾಗ ಮಂಡಕ್ಕಿ. ಅಂಗಿ ಒಗದು ಹಾಕ್ಯಂಡಿದ್ದ. ಕುಂತ, ಪಟ್ಟಿ ತೆಗದ. ಕೆಳಗ ಹೋದ, ಮ್ಯಾಲೆ ಬಂದ, ಕೆಳಗ ಹೋದ.

"ಅಮ್ಮಾ, ನಂದು ಕಾಣವಲ್ದ್ರಿ."

ಆಗ ತಿಳೀತು, ಶನಿವಾರ ನಾ ಒತ್ತಿದ್ದು ಇವನ್ದು. ಪಕ್ಕದ ಟಿವ್ಯಾಗ ಆ ಕಾಂಟ್ರಾಕ್ಟರ್ ಮಗ ಕುಂತಿದ್ದ, ಅಂಗಡಿ ತುಂಬ ಹುಡುಗರು, ಎಲ್ಲರೂ ನನ್ನ ಕಡೆ ನೋಡಿದ್ರು. ತಪ್ಪಾತಪ್ಪಾ, ನಾ ಅಳಿಸಿದೆ ಅಂದಿದ್ರ ಮುಗಿತಿತ್ತು. ನನ್ನ ಬಾಯಿಗೆ ಏನ ಬಂತು ಗೊತ್ತೇನು?

"ಹೋದ ವಾರ ನೀನ ಏನರ ಒತ್ತಿರಬೇಕು. ಓದಾಕ ಬರಂಗಿಲ್ಲ, ಸುಮ್ನ ಒತ್ತತಿ."

ಅವ ಜಗಳಾಡಲಿಲ್ಲ. ತನ್ನ ಹೆಬ್ಬಟ್ಟು ನೋಡಿಕ್ಯಂಡ. ಹಿಂಗ ತಿರುಗಿಸಿ ನೋಡಿಕ್ಯಂಡ. "ಇರಬೌದ್ರಿ," ಅಂದ. ಎಲ್ಲರಿಗೂ ಒಂದೊಂದು ಮಿರ್ಚಿ ಕೊಟ್ಟ, ನನಗೂ ಕೊಟ್ಟ. ಎದ್ದು ಹೋದ. ಆ ಮಿರ್ಚಿ ನಾ ತಿಂದೆ. ಅದನ್ನೂ ಹೇಳಿಬಿಡ್ತೀನಿ, ತಿಂದೆ.

ಮುಂದಿನ ಮಂಗಳವಾರ ಬರ್ಲಿಲ್ಲ. ಅದರ ಮುಂದಿನದೂ ಇಲ್ಲ. ನಾನ ಹೊಸ ಎ ಎ ಎ ಎ ಹಾಕಿ, ಅವ ಬರೋದ್ರಾಗ ಅಷ್ಟು ಮುಟ್ಟಿಸಿ ಇಡ್ತೀನಿ ಅಂತ ಮಧ್ಯಾಹ್ನ ಮಧ್ಯಾಹ್ನ ಕುಂತೆ. ಆರನೇ ಲೆವೆಲ್‌ಗೆ ನನ್ನ ಸೊಂಟ ಬಿತ್ತು, ಕೈ ಜುಮ್ಮು ಹಿಡೀತು. ಬಿಟ್ಟೆ. ಅವ ಎಂಟು ತಾಸು ಡ್ರಿಲ್ ಹಿಡದ ಕೈಲೆ ಅದನ್ನ ಮಾಡಿದ್ದ.

ಆಮ್ಯಾಲೆ ಒಂದೆರಡು ಸಲ ಬಸ್ ಸ್ಟ್ಯಾಂಡಿನ್ಯಾಗ ಕಂಡ, ದೂರದಿಂದ. ನಾ ಕಂಬದ ಮರಿಗೆ ಸರದೆ. ನೀ ಹೋದ ವರ್ಷ ಹುಡುಕ್ಯಂಡು ಬಂದು "ನಾ ಮಾರೆಪ್ಪನ ಮಗಳು" ಅಂದಾಗನೂ ಚಾ ಕೊಟ್ಟೆ, ನಂಬರ್ ಕೊಟ್ಟೆ, ಇದೊಂದು ಮಾತ್ರ ಕೊಡಲಿಲ್ಲ.

ಇದನ್ನ ನಿಮ್ಮಪ್ಪಗ ಕೇಳಿಸು. ನಿಮ್ಮವ್ವಗೂ ಕೇಳಿಸು. ಬೈಯ್ಲಿ.

*

ಯಶೋಧರಾ, ನಿಮ್ಮಪ್ಪನ ಫೋನ್ ಬಂದಿತ್ತು. ಈಗ ಇಟ್ಟ. ನಿನಗ ಅವ ಹೇಳಂಗಿಲ್ಲ ಅಂತ ನಾನ ಹೇಳ್ತೀನಿ.

ಹಲೋ ಅಂದೆ. ನಾ ಮಾರೆಪ್ಪ ಅಂದ.  ನಾ ಅಂದೆ, "ಮಾರೆಪ್ಪ, ಬೈಯಪ್ಪ, ನಾ ಕೇಳ್ತೀನಿ."

"ಇಪ್ಪತ್ತೊಂದು ವರ್ಷ ನನ್ನ ಕೈಗೆ ನಾನ ಬೈದೀನ್ರಿ ಅಮ್ಮಾ," ಅಂದ. "ಬ್ಯಾಂಕಿನ್ಯಾಗ ಮಷೀನ್ ಮುಂದ ನಿಂತ್ರ ಒತ್ತಾಕ ಹೆದರಿಕಿ. ಮೊಬೈಲ್ ಒತ್ತಾಕ ಹೆದರಿಕಿ. ಆಪರೇಟರ್ ಮಾಡ್ತೀವಿ ಬಾ ಅಂತ ಬ್ಯಾರೆ ಗಣ್ಯಾಗ ಕರದ್ರು. ಮಷೀನಿನ ಬಟನ್ ಎಲ್ಲಾ ಇಂಗ್ಲಿಷಿನ್ಯಾಗ ಇದ್ವು. ನಾ ಒಲ್ಲೆ ಅಂದೆ. ಏನರ ಒತ್ತಿಬಿಡ್ತೀನಿ ಅಂತ."

ಅದು ನನಗ ಗೊತ್ತಿದ್ದಿಲ್ಲವ್ವಾ. ನಾ ಅಳಿಸಿದ್ದು ಒಂದು ಆಟ ಅಂದ್ಕಂಡಿದ್ದೆ.

"ತಪ್ಪಾತು," ಅಂದೆ. 

"ಫೋನಿನ್ಯಾಗ ಹೇಳಿದ್ದು ನಾ ಹಿಡಿಯಂಗಿಲ್ರಿ. ಅಂಗಡಿ ತುಂಬ ಮಂದಿ ಮುಂದ ನನ್ನ ಮ್ಯಾಲೆ ಹಾಕಿದ್ರಿ. ನಮ್ಮೂರಿಗೆ ಬರ್ರಿ. ನಮ್ಮನಿಗೆ ಬರ್ರಿ. ದುರ್ಗಕ್ಕನ ಮುಂದ, ಓಣ್ಯಾಗಿನ ಮಂದಿ ಮುಂದ ಹೇಳ್ರಿ. ಬಾಗಿಲದಾಗ ನಿಂತು ಹೇಳಿ ಹೋಗಂಗಿಲ್ಲ. ಒಳಗ ಕುಂತು, ನೀರು ಕುಡದು ಹೇಳ್ರಿ. ನಿಮ್ಮ ಮಂದಿ ಯಾರೂ ನಮ್ಮ ಕೇರ್ಯಾಗ ನೀರು ಕುಡದಿಲ್ಲ. ಆಗತೈತೇನ್ರಿ?"

ನೋಡು, ಕೇಳೋ ಮಾತಲ್ಲ ಅದು, ಅಪ್ಪಣಿ. ರಿ ಹಚ್ಚಿದ್ದ ಅಷ್ಟ.

"ನೀರೇನು, ಹಸದ್ರ ಉಣ್ತೀನಿ," ಅಂದೆ.

"ಉಣ್ಣೋದು ಆಮ್ಯಾಲೆ. ಮೊದಲು ಹೇಳ್ರಿ," ಅಂದ. ಇಟ್ಟುಬಿಟ್ಟ.

*

ಹಾಂ, ಯಶೋಧರಾ, ಬಸ್ಸಿನ್ಯಾಗ ಅದೀನಿ, ಗದ್ದಲ ಐತಿ, ಜೋರು ಮಾತಾಡ್ತೀನಿ. ಕಂಪ್ಲಿ ದಾಟಿತು. ಎರಡೂ ಕಡೆ ನೆಲ್ಲು, ಹಸರಂದ್ರ ಹಸರು. ಪಕ್ಕದ ಹೆಣ್ಣಮಗಳು ಯಾರ ಮನಿಗೆ ಹೋಗ್ತೀಬೇ ಅಂತ ಕೇಳಿದ್ಳು. ಮಾರೆಪ್ಪನ ಮನಿಗೆ ಅಂದೆ. ಯಾವ ಮಾರೆಪ್ಪ ಅಂದ್ಳು. ಕೇರಿ ಹೇಳಿದೆ. ಸೆರಗು ತನ್ನ ಕಡೆ ಎಳಕ್ಯಂಡು, ಏನು ಕೆಲಸ ಅಂದ್ಳು. ತಪ್ಪು ಒಪ್ಪಿಕ್ಯಣಾಕ ಅಂದೆ. ಆಕಿ ಕಿಟಕಿ ಕಡೆ ತಿರುಗಿ ಕುಂತಾಳ.

ನಿಮ್ಮವ್ವಗ ಹೇಳು, ಸಿಹಿ ಗಿಹಿ ಮಾಡಬ್ಯಾಡಂತ. ಸಕ್ಕರಿ ಐತಿ ನನಗ. ಮೆಟ್ಟಲ ಇದ್ರ ಕೈ ಹಿಡಿಯಾಕ ಒಬ್ರು ಬೇಕು, ಮಣಕಾಲು ಹಿಡದಾವು.

ಕಂಡಕ್ಟರ್ ಕೂಗಿದ ನೋಡು, ಮೆಟ್ರಿ ಬಂತು. ಅಲ್ಲಿ ನಿಂತಾನ, ಅವನಾ? ತೆಲಿ ಪೂರ್ತಿ ಬೆಳ್ಳಗಾಗೈತಿ. ಹೌದು, ಅವನ. ಹಿಂದ ಮಂದಿನೂ ಅದಾರ, ಏಳೆಂಟು ಮಂದಿ, ಕರಸ್ಯಾನ. ನಗವಲ್ಲ. ನಗೋದು ಬ್ಯಾಡ ಬಿಡು.

ಇಡ್ತೀನವ್ವಾ, ಇಳಿಬೇಕು.